99 ಸೆಂಟಿಗೆ ಪಿಎಸ್‌ಎ 10: ಮಾರುವವರು ಇಷ್ಟು ಕಡಿಮೆಗೆ ಯಾಕೆ ಇಡುತ್ತಾರೆ?

ಪ್ರಶ್ನೆ: ನಾನು ನಾಲ್ಕು ವರ್ಷದಿಂದ ಪೋಕೆಮಾನ್ ಕಾರ್ಡು ಕೂಡಿಡುತ್ತಿದ್ದೇನೆ. ಆನ್‌ಲೈನ್ ಹರಾಜಿನಲ್ಲಿ ಪಿಎಸ್‌ಎ 10 ಗ್ರೇಡಿನ ಕಾರ್ಡುಗಳನ್ನು, ಅಂದರೆ ಪಿಎಸ್‌ಎ ಎಂಬ ಕಂಪನಿ ಪರೀಕ್ಷಿಸಿ ಹತ್ತಕ್ಕೆ ಹತ್ತು ಅಂಕ ಕೊಟ್ಟವನ್ನು, 99 ಸೆಂಟಿಗೆ, ಇಲ್ಲವೇ ಮಾರುಕಟ್ಟೆ ಬೆಲೆಯ ಕಾಲು ಭಾಗಕ್ಕೆ ಶುರು ಮಾಡುವುದನ್ನು ದಿನಾ ನೋಡುತ್ತೇನೆ. ಗ್ರೇಡಿಂಗ್‌ಗೆ ದುಡ್ಡು ಕೊಟ್ಟು, ತಿಂಗಳುಗಟ್ಟಲೆ ಕಾದು, ಕೊನೆಗೆ ಇಷ್ಟು ಅಗ್ಗಕ್ಕೆ ಯಾಕೆ ಇಡುತ್ತಾರೆ? ಇದರಲ್ಲಿ ಮೋಸ ಇದೆಯಾ? ನನ್ನ ಹತ್ತಿರವೂ ಆರು ಗ್ರೇಡೆಡ್ ಕಾರ್ಡುಗಳಿವೆ. ಈಚಿನ ಸೆಟ್‌ಗಳ ನಾಲ್ಕು ಪಿಎಸ್‌ಎ 10, ಒಂದು ಪಿಎಸ್‌ಎ 8, ಮತ್ತೊಂದು ಹಳೇ ಜಪಾನೀ ಪ್ರೋಮೋ (ಪ್ರಚಾರಕ್ಕೆ ಹಂಚಿದ ಕಾರ್ಡು), ಪಿಎಸ್‌ಎ 9. ಆ ಪ್ರೋಮೋ ಎಲ್ಲ ಗ್ರೇಡ್ ಸೇರಿ ಲೆಕ್ಕದಲ್ಲಿ ಹನ್ನೊಂದೇ ಇವೆ. ಇವನ್ನು ನಾನೂ 99 ಸೆಂಟಿಗೇ ಶುರು ಮಾಡಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನಾಲ್ಕು ಕಾರ್ಡಿಗೆ ಹೌದು, ಒಂದಕ್ಕೆ ಹೇಗಾದರೂ ಸರಿ, ಆ ಪ್ರೋಮೋಗೆ ಖಂಡಿತ ಬೇಡ. ಯಾಕೆ ಅನ್ನುವುದೇ ಈ ಇಡೀ ಉತ್ತರ.

ನೀವು "ಬೆಲೆ" ಅಂತ ಕರೆಯುತ್ತಿರುವ 99 ಸೆಂಟ್ ಬೆಲೆಯೇ ಅಲ್ಲ. ಅಷ್ಟಕ್ಕೆ ಕೊಡುತ್ತೇನೆ ಅಂತ ಮಾರುವವರು ಹೇಳುತ್ತಿಲ್ಲ, ಇಲ್ಲಿಂದ ಕೂಗೋಣ ಅನ್ನುತ್ತಿದ್ದಾರೆ ಅಷ್ಟೇ. ಹರಾಜಿನ ಪುಟವನ್ನು ನಾವು ನೋಡುವುದು ಹೆಚ್ಚಾಗಿ ನಡುವಾರದಲ್ಲಿ. ಆಗ ಕಾಣುವ ಅಂಕಿ ತೀರಾ ಅಗ್ಗವಾಗಿರುತ್ತದೆ. 200 ಡಾಲರ್ ಆಸುಪಾಸಿನ ಒಂದು ಕಾರ್ಡನ್ನು ಊಹಿಸಿಕೊಳ್ಳಿ. ಏಳು ದಿನದ ಹರಾಜು. ಮೊದಲ ದಿನ ಅದು 12 ಡಾಲರಿನಲ್ಲಿ ನಿಂತಿರುತ್ತದೆ. ಐದನೇ ದಿನ 61. ಕೊನೆಯ ದಿನ ಬೆಳಿಗ್ಗೆ 90ರ ಹತ್ತಿರ. ಒಂದು ನಿಮಿಷ ಉಳಿದಾಗ 140. ಕೊನೆಯ ಎಂಟು ಸೆಕೆಂಡಿನಲ್ಲಿ ಎರಡು ಮೂರು ಬಿಡ್‌ಗಳು ಒಟ್ಟಿಗೆ ಬಂದು ಬೀಳುತ್ತವೆ, 196ಕ್ಕೆ ಮುಗಿಯುತ್ತದೆ. ಅಂದರೆ ಏಳು ದಿನದಲ್ಲಿ ಆರೂಮುಕ್ಕಾಲು ದಿನ ಆ ಕಾರ್ಡು "ಅರ್ಧ ಬೆಲೆಗೆ ಸಿಗುತ್ತಿದೆ" ಅನ್ನುವ ಹಾಗೆ ಕಾಣುತ್ತಿತ್ತು. ನಿಜವಾಗಿ ಆ ಬೆಲೆಗೆ ಯಾರಿಗೂ ಸಿಗಲಿಲ್ಲ.

ಕೊನೇ ಗಳಿಗೆಯ ಈ ನುಗ್ಗಾಟಕ್ಕೆ ಸ್ನೈಪಿಂಗ್ ಅನ್ನುತ್ತಾರೆ. ಅದಕ್ಕೂ ಕಾರಣವಿದೆ. ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಹರಾಜು ಹೇಳಿದ ಸೆಕೆಂಡಿಗೆ ಮುಗಿಯುತ್ತದೆ. ಹಿಂದೆ ಅಮೆಜಾನ್‌ನಲ್ಲೂ ಹರಾಜು ನಡೆಯುತ್ತಿತ್ತು. ಅಲ್ಲಿ ಕೊನೇ ಗಳಿಗೆಯಲ್ಲಿ ಬಿಡ್ ಬಂದರೆ ಸಮಯ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು ಎರಡನ್ನೂ ಹೋಲಿಸಿ 2002ರಲ್ಲಿ ಬರೆದರು. ಕೊನೇ ನಿಮಿಷದ ಬಿಡ್‌ಗಳು ಇಬೇಯಲ್ಲೇ ತುಂಬಾ ಜಾಸ್ತಿ ಅಂತ ಅವರಿಗೆ ಕಂಡಿತು. ಹಾಗಾಗಿ ನಡುವಾರದ ಅಂಕಿ ನೋಡಿ "ಇಷ್ಟೇನಾ" ಅಂತ ಬೆರಗಾಗಬೇಡಿ. ಬಿಡ್ ಹಾಕುವವರು ಬಂದಿದ್ದಾರೆ. ವಾಚ್‌ಲಿಸ್ಟಿಗೆ ಹಾಕಿಕೊಂಡು ಸುಮ್ನೆ ಕೂತಿದ್ದಾರೆ.

ಸರಿ, ಕೊನೆಗೆ ಬೆಲೆ ಏರುತ್ತದೆ ಅಂತ ಮಾರುವವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತದೆ? ಅದು ಬರುವುದು ಗ್ರೇಡಿನಿಂದಲೇ. "ಗ್ರೇಡಿಂಗ್‌ಗೆ ದುಡ್ಡು ಹಾಕಿಯೂ ಅಗ್ಗಕ್ಕೆ ಇಡುತ್ತಾರಲ್ಲ" ಅಂತ ನೀವು ಕೇಳಿದ್ದೀರಿ. ನಾನು ಅದನ್ನು ತಿರುಗಿಸಿ ಹೇಳುತ್ತೇನೆ: ಗ್ರೇಡಿಂಗ್‌ಗೆ ದುಡ್ಡು ಹಾಕಿದ್ದರಿಂದಲೇ ಅವರು ಅಗ್ಗಕ್ಕೆ ಶುರು ಮಾಡಬಲ್ಲರು.

ಗ್ರೇಡ್ ಇಲ್ಲದ ಕಾರ್ಡನ್ನು, ಅಂದರೆ ರಾ ಕಾರ್ಡನ್ನು, ಫೋಟೋ ನೋಡಿ ಕೊಳ್ಳುವವರಿಗೆ ಏನು ಗೊತ್ತಿರುತ್ತದೆ? ಮೂಲೆ ಸ್ವಲ್ಪ ಬಿಳಿಯಾಗಿದೆಯಾ, ಮೇಲ್ಮೈ ಮೇಲೆ ಗೀರು ಇದೆಯಾ, ಅಂಚು ಕತ್ತರಿಸಿದ್ದಾರಾ, ಯಾವುದೂ ಗೊತ್ತಾಗುವುದಿಲ್ಲ. ಮಾರುವವರು "ಮಿಂಟ್", ಅಂದರೆ ಹೊಚ್ಚಹೊಸದರಂತಿದೆ, ಅಂತ ಬರೆದಿರುತ್ತಾರೆ. ಗಿಂಜರ್ ಜಿನ್ ಮತ್ತು ಆಂಡ್ರ್ಯೂ ಕೇಟೋ ಎಂಬ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಇಬೇಯಲ್ಲಿ ಗ್ರೇಡ್ ಇಲ್ಲದ ಬೇಸ್‌ಬಾಲ್ ಕಾರ್ಡುಗಳನ್ನು ಕೊಂಡು, ಆಮೇಲೆ ತಾವೇ ಗ್ರೇಡಿಂಗ್‌ಗೆ ಕಳಿಸಿದರು. 2006ರಲ್ಲಿ ಅವರು ಪ್ರಕಟಿಸಿದ್ದು ಇದು: ತನ್ನ ಕಾರ್ಡು ಬಲು ಚೆನ್ನಾಗಿದೆ ಅಂತ ಹೇಳಿಕೊಂಡವರಿಗೆ ಹೆಚ್ಚು ಬೆಲೆ ಸಿಕ್ಕಿತ್ತು, ಆದರೆ ಅವರ ಕಾರ್ಡು ಬೇರೆಯವರದಕ್ಕಿಂತ ಚೆನ್ನಾಗೇನೂ ಇರಲಿಲ್ಲ. ಈ ಅನುಮಾನ ಇರುವ ಕಡೆ ಕೊಳ್ಳುವವರು ಒಬ್ಬೊಬ್ಬರೂ ಒಂದೊಂದು ಬೆಲೆ ಕಟ್ಟುತ್ತಾರೆ.

ಅದೇ ಕಾರ್ಡು ಗ್ರೇಡ್ ಆಗಿ ಸ್ಲ್ಯಾಬ್, ಅಂದರೆ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಕೂತ ಮೇಲೆ ಮಾತೇ ಬೇರೆ. ಪಿಎಸ್‌ಎ ಶುರುವಾಗಿದ್ದು 1991ರಲ್ಲಿ. ಎಸ್‌ಜಿಸಿ, ಬೆಕೆಟ್ ಎಂಬ ಬೇರೆ ಗ್ರೇಡಿಂಗ್ ಕಂಪನಿಗಳು ಆ ದಶಕದ ಕೊನೆಗೆ ಬಂದವು, ಸಿಜಿಸಿ ಕಾರ್ಡು ಗ್ರೇಡಿಂಗ್‌ಗೆ ಇಳಿದದ್ದು 2020ರಲ್ಲಿ. ಎಲ್ಲರೂ ಮಾಡುವುದು ಒಂದೇ ಕೆಲಸ. ಸೆಂಟರಿಂಗ್ (ಚಿತ್ರ ಕಾರ್ಡಿನ ನಟ್ಟನಡುವೆ ಇದೆಯಾ ಅನ್ನುವುದು), ಮೂಲೆ, ಅಂಚು, ಮೇಲ್ಮೈ ನೋಡಿ 10ರವರೆಗಿನ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಮೇಲೊಂದು ಲೇಬಲ್ ಹಾಕುವುದು. ಆ ಲೇಬಲ್ ಮೇಲೆ ಸರ್ಟಿಫಿಕೇಟ್ ನಂಬರ್ ಇರುತ್ತದೆ. ಆ ಕಾರ್ಡು ಯಾವ ಗ್ರೇಡಿನಲ್ಲಿ ಎಷ್ಟು ಇವೆ ಅನ್ನುವ ಪಾಪ್ ರಿಪೋರ್ಟ್ ಎಲ್ಲರಿಗೂ ತೆರೆದಿರುತ್ತದೆ. ಅದೇ ಕಾರ್ಡು, ಅದೇ ಗ್ರೇಡು, ಹೋದ ತಿಂಗಳು ಎಷ್ಟಕ್ಕೆ ಹೋಯಿತು ಅಂತ ಮುಗಿದ ಹರಾಜುಗಳ ಪಟ್ಟಿ ಹೇಳುತ್ತದೆ. ಹವ್ಯಾಸದಲ್ಲಿ ಇದಕ್ಕೆ ಕಂಪ್ಸ್ ಅನ್ನುತ್ತಾರೆ.

ಈಗ ನೂರು ಜನ ಆ ಕಾರ್ಡನ್ನು ಹುಡುಕುತ್ತಿದ್ದರೆ, ನೂರೂ ಜನರಿಗೆ ಅದು 190ರಿಂದ 210 ಡಾಲರ್ ಬಾಳುತ್ತದೆ ಅಂತ ಗೊತ್ತು. ನೀವು 99 ಸೆಂಟಿಗೆ ಶುರು ಮಾಡಿದಿರಿ ಅಂತ ಯಾರೂ ಅದು ಕಳಪೆ ಅಂದುಕೊಳ್ಳುವುದಿಲ್ಲ. ಬೆಲೆ ಹೇಳುವ ಕೆಲಸವನ್ನು ಲೇಬಲ್ ಆಗಲೇ ಮಾಡಿಬಿಟ್ಟಿದೆ. ಆರಂಭದ ಅಂಕಿಗೆ ಉಳಿದ ಕೆಲಸ ಒಂದೇ, ಜನರನ್ನು ಒಳಗೆ ಕರೆಯುವುದು.

ಜನ ಎಷ್ಟು ಮುಖ್ಯ ಅಂತ ಒಂದು ಲೆಕ್ಕದಲ್ಲಿ ನೋಡೋಣ. ಇಬೇಯಲ್ಲಿ ನೀವು ನಿಮ್ಮ ಗರಿಷ್ಠ ಬೆಲೆ ಹೇಳುತ್ತೀರಿ. ಅಷ್ಟನ್ನೂ ಅದು ಒಮ್ಮೆಗೇ ಹಾಕುವುದಿಲ್ಲ. ಎದುರಾಳಿಗಿಂತ ಒಂದು ಮೆಟ್ಟಿಲು ಮೇಲಕ್ಕೆ ಮಾತ್ರ ನಿಮ್ಮ ಪರವಾಗಿ ಏರಿಸುತ್ತದೆ. 100ರಿಂದ 250 ಡಾಲರ್ ನಡುವೆ ಆ ಮೆಟ್ಟಿಲು ಎರಡೂವರೆ ಡಾಲರ್. ಒಬ್ಬರ ಗರಿಷ್ಠ 180, ಇನ್ನೊಬ್ಬರದು 205 ಅಂತಿಟ್ಟುಕೊಳ್ಳಿ. ಗೆದ್ದವರು 205 ಕೊಡುವುದಿಲ್ಲ, 182.50 ಕೊಡುತ್ತಾರೆ. ಈಗ 230 ಮನಸ್ಸಿನಲ್ಲಿಟ್ಟುಕೊಂಡ ಮೂರನೆಯವರೊಬ್ಬರು ಬಂದರು. ಕೂಡಲೇ ಬೆಲೆ 207.50. ಒಬ್ಬರು ಬಂದದ್ದಕ್ಕೆ 25 ಡಾಲರ್ ವ್ಯತ್ಯಾಸ. ಗಮನಿಸಿ, ಮಾರುವವರಿಗೆ ಸಿಗುವ ದುಡ್ಡು ತೀರ್ಮಾನವಾಗುವುದು ಗೆದ್ದವರಿಂದಲ್ಲ, ಎರಡನೇ ಸ್ಥಾನದಲ್ಲಿ ಸೋತವರಿಂದ. ಆ ಎರಡನೆಯವರು ಗಟ್ಟಿಯಾಗಿರಬೇಕು ಅಂದರೆ ಬಿಡ್ ಹಾಕುವವರು ಜಾಸ್ತಿ ಇರಬೇಕು.

ಈ ಬಗೆಯ ಹರಾಜಿನ ಲೆಕ್ಕವನ್ನು ವಿಲಿಯಂ ವಿಕ್ರಿ 1961ರಲ್ಲೇ ಬಿಡಿಸಿಟ್ಟಿದ್ದರು. 1996ರಲ್ಲಿ ಜೆರೆಮಿ ಬ್ಯೂಲೋ ಮತ್ತು ಪಾಲ್ ಕ್ಲೆಂಪರರ್ ಇನ್ನೊಂದು ಮಾತು ತೋರಿಸಿಕೊಟ್ಟರು. ಕೆಲವು ಸಾಮಾನ್ಯ ಷರತ್ತುಗಳೊಳಗೆ, ಎಷ್ಟೇ ಜಾಣತನದಿಂದ ಕನಿಷ್ಠ ಬೆಲೆ ನಿಗದಿ ಮಾಡಿದರೂ ಅದರ ಲಾಭ ಇನ್ನೊಬ್ಬ ನಿಜವಾದ ಬಿಡ್ಡರ್ ಬರುವುದರಿಂದ ಆಗುವ ಲಾಭಕ್ಕೆ ಸಮ ಬರುವುದಿಲ್ಲ. 99 ಸೆಂಟಿಗೆ ಇಡುವವರಲ್ಲಿ ಹೆಚ್ಚಿನವರು ಇದನ್ನು ಓದಿರುವುದಿಲ್ಲ. ನೂರಾರು ಕಾರ್ಡು ಮಾರಿ ಕೈಯಿಂದ ಕಲಿತಿರುತ್ತಾರೆ.

ಕಡಿಮೆ ಆರಂಭ ಜನರನ್ನು ಹೇಗೆ ಸೆಳೆಯುತ್ತದೆ ಅನ್ನುವುದು ನಿಮಗೆ ನಿಮ್ಮದೇ ಅನುಭವದಿಂದ ಗೊತ್ತಿರಬೇಕು. 5 ಡಾಲರ್ ಬಿಡ್ ಹಾಕಿ ಮರೆತುಬಿಡುತ್ತೀರಿ. ಎರಡು ದಿನ ಬಿಟ್ಟು "ನಿಮ್ಮನ್ನು ಮೀರಿಸಿದ್ದಾರೆ" ಅಂತ ಫೋನಿಗೆ ಸಂದೇಶ ಬರುತ್ತದೆ. ಮತ್ತೆ ಪುಟ ತೆರೆಯುತ್ತೀರಿ. ಫೋಟೋ ದೊಡ್ಡದು ಮಾಡಿ ನೋಡುತ್ತೀರಿ. ಅಷ್ಟರಲ್ಲಿ ಆ ಕಾರ್ಡು ಅರ್ಧ ನಿಮ್ಮದೇ ಆಗಿಬಿಟ್ಟಿರುತ್ತದೆ, ಅಲ್ವಾ? 150ಕ್ಕೆ ಶುರುವಾಗಿದ್ದರೆ ನೀವು ಆ ಪುಟವನ್ನು ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದಿರಿ. ಗಿಲಿಯನ್ ಕು, ಆಡಮ್ ಗ್ಯಾಲಿನ್ಸ್ಕಿ, ಕೀತ್ ಮರ್ನಿಗನ್ ಎಂಬ ಮೂವರು 2006ರಲ್ಲಿ ಇದನ್ನೇ ಅಧ್ಯಯನದಲ್ಲಿ ತೋರಿಸಿದರು. ಒಳಗೆ ಬರುವುದು ಸುಲಭವಾಗುತ್ತದೆ. ಬಂದವರು ಸಮಯ ಹಾಕಿದ್ದರಿಂದ ಬಿಟ್ಟು ಹೋಗುವುದಿಲ್ಲ. ತುಂಬಾ ಬಿಡ್ ಇರುವುದನ್ನು ನೋಡಿ ಇನ್ನಷ್ಟು ಜನ "ಇದರಲ್ಲಿ ಏನೋ ಇದೆ" ಅಂತ ಬರುತ್ತಾರೆ. ಊರಿ ಸೈಮನ್ಸನ್ ಮತ್ತು ಡಾನ್ ಏರಿಯಲಿ ಇಬೇಯ ಡಿವಿಡಿ ಹರಾಜುಗಳಲ್ಲಿ ಕೂಡ ಇಂಥದ್ದೇ ಕಂಡರು. ಕಡಿಮೆಗೆ ಶುರುವಾದ್ದರಿಂದಲೇ ಬಿಡ್‌ಗಳ ಸಂಖ್ಯೆ ಹೆಚ್ಚಿರುತ್ತದೆ. ಆದರೂ ಜನ ಆ ಸಂಖ್ಯೆಯನ್ನೇ ನಂಬಿ ಅಲ್ಲಿಗೇ ಹೋಗುತ್ತಾರೆ.

ಮೂವರ ಆ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ವಸ್ತುವಿನ ಹೆಸರಿನಲ್ಲಿ ಅಕ್ಷರ ತಪ್ಪಾಗಿ, ಹುಡುಕಿದವರಿಗೆ ಸಿಗದೇ ಹೋದ ಲಿಸ್ಟಿಂಗ್‌ಗಳನ್ನೂ ಅವರು ನೋಡಿದರು. ಅಲ್ಲಿ ಕಡಿಮೆಗೆ ಶುರುವಾದದ್ದು ಕಡಿಮೆಗೇ ಮುಗಿಯಿತು. ಜನ ಬಂದರೆ ಮಾತ್ರ ಈ ಉಪಾಯ ಕೆಲಸ ಮಾಡುತ್ತದೆ. ಬರದಿದ್ದರೆ ಅದೇ ಉಪಾಯ ನಿಮ್ಮ ಕುತ್ತಿಗೆಗೆ ಬರುತ್ತದೆ.

ಇದು ನನಗೆ ಕೈ ಸುಟ್ಟುಕೊಂಡ ಮೇಲೆ ಗೊತ್ತಾಯಿತು. ಹಳೆಯದೊಂದು ಕಾರ್ಡು, ಗ್ರೇಡ್ 7, ನೋಡಲು ತುಂಬಾ ಚೆಂದ. ಸೆಂಟರಿಂಗ್ ಅಳತೆ ಹಿಡಿದು ಕತ್ತರಿಸಿದ ಹಾಗಿತ್ತು. ಅದಕ್ಕೆ 150 ಡಾಲರ್ ಬಂದೇ ಬರುತ್ತದೆ ಅಂತ ನಾನು ನಂಬಿದ್ದೆ. ಆದರೆ ಆ ಕಾರ್ಡು ವರ್ಷಕ್ಕೆ ಒಂದೋ ಎರಡೋ ಸಲ ಮಾರುಕಟ್ಟೆಗೆ ಬರುವಂಥದ್ದು. ಬೇರೆ ಕಾರ್ಡುಗಳ ಜೊತೆ ಅದನ್ನೂ 99 ಸೆಂಟಿಗೆ ಇಟ್ಟುಬಿಟ್ಟೆ. ಆ ವಾರ ಬಂದವರು ಇಬ್ಬರೇ. ಒಬ್ಬರು 40ಕ್ಕೆ ನಿಂತರು. 41ಕ್ಕೆ ಹೋಯಿತು. ಗೆದ್ದವರು ಎಷ್ಟರವರೆಗೂ ಬರಲು ಸಿದ್ಧವಿದ್ದರೋ, ಅವರನ್ನು ಮೇಲಕ್ಕೆ ತಳ್ಳುವವರೇ ಇರಲಿಲ್ಲ. ಪ್ಯಾಕ್ ಮಾಡುವಾಗ ಆ ಸ್ಲ್ಯಾಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಆದರೂ ಕಳಿಸಿಕೊಟ್ಟೆ. ಹರಾಜಿಗೆ ಇಟ್ಟ ಮೇಲೆ ಕೊಡಲೇಬೇಕು.

"ಹಾಗಾದರೆ ರಿಸರ್ವ್ ಹಾಕಬಹುದಿತ್ತಲ್ಲ, ಇಂತಿಷ್ಟು ಮುಟ್ಟದಿದ್ದರೆ ಮಾರುವುದಿಲ್ಲ ಅಂತ?" ಅಂತ ನೀವು ಕೇಳಬಹುದು. ಹಾಕಬಹುದು. ಆದರೆ ಇಬೇಯಲ್ಲಿ ಅದಕ್ಕೆ ಬೇರೆ ಶುಲ್ಕವಿದೆ, ಕಾರ್ಡು ಮಾರಾಟವಾದರೂ ಆಗದಿದ್ದರೂ ಕೊಡಬೇಕು. ಜೊತೆಗೆ "ರಿಸರ್ವ್ ಮುಟ್ಟಿಲ್ಲ" ಅನ್ನುವ ಸಾಲು ಕಂಡ ಕೂಡಲೇ ಅರ್ಧ ಜನ ಹೊರಟುಹೋಗುತ್ತಾರೆ. ಮುಚ್ಚಿಟ್ಟ ಅಂಕಿಯ ಎದುರು ಯಾರು ಆಡುತ್ತಾರೆ? ಅದಕ್ಕಿಂತ ಆರಂಭದ ಬೆಲೆಯನ್ನೇ ಬಹಿರಂಗವಾಗಿ ಎತ್ತರಕ್ಕೆ ಇಡುವುದು ಒಳ್ಳೆಯದು. ಅದರ ಫಲ ಏನು ಅಂತಲೂ ಗೊತ್ತಿದೆ. ಡೇವಿಡ್ ಲಕಿಂಗ್-ರೈಲಿ ಎಂಬ ಅರ್ಥಶಾಸ್ತ್ರಜ್ಞರು 1990ರ ದಶಕದಲ್ಲಿ ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಆಟದ ಕಾರ್ಡುಗಳನ್ನೇ ಇಂಟರ್ನೆಟ್ಟಿನಲ್ಲಿ ಹರಾಜು ಹಾಕಿ ಪ್ರಯೋಗ ಮಾಡಿದರು. ಕನಿಷ್ಠ ಬೆಲೆ ಇಟ್ಟಾಗ ಬಿಡ್ ಹಾಕುವವರು ಕಡಿಮೆಯಾದರು. ಮಾರಾಟವಾಗದೆ ಉಳಿದ ಕಾರ್ಡುಗಳು ಹೆಚ್ಚಾದವು. ಆದರೆ ಮಾರಾಟವಾದ ಕಾರ್ಡಿಗೆ ಸಿಕ್ಕ ಬೆಲೆ ಜಾಸ್ತಿಯಾಯಿತು. ಅಂದರೆ ಇದು ಮಾರುವವರ ಅವಸರದ ಪ್ರಶ್ನೆ. ಇವತ್ತೇ ಹೋಗಬೇಕಾ, ಕಾಯಬಹುದಾ?

ಆನ್‌ಲೈನ್‌ನಲ್ಲಿ ದಿನಾ ಮಾರುವ ಬಹಳಷ್ಟು ಜನಕ್ಕೆ ಕಾಯಲು ಆಗುವುದಿಲ್ಲ. ಕಡಿಮೆ ಬೆಲೆಗೆ ಎರಡನೇ ದೊಡ್ಡ ಕಾರಣ ಇದೇ. ಅವರಿಗೆ ದುಡ್ಡು ತಿರುಗಬೇಕು. ಒಂದು ಕಾರ್ಡಿಗೆ 20 ಡಾಲರ್ ಹೆಚ್ಚು ಬರಲಿ ಅಂತ ಆರು ತಿಂಗಳು ಇಟ್ಟುಕೊಂಡರೆ ಆ ಬಂಡವಾಳ ಅಲ್ಲೇ ಕೂತುಬಿಡುತ್ತದೆ. ಅದೇ ದುಡ್ಡಿನಲ್ಲಿ ಈ ವಾರ ಇನ್ನೊಂದು ಸಂಗ್ರಹ ಕೊಳ್ಳಬಹುದು. ಬೇರೆಯವರ ಕಾರ್ಡನ್ನು ಕಮಿಷನ್ನಿಗೆ ಮಾರಿಕೊಡುವ ದೊಡ್ಡ ಮಾರಾಟಗಾರರು ಪ್ರತಿ ವಾರ ಸಾವಿರಾರು ಕಾರ್ಡುಗಳನ್ನು ಒಂದೇ ಕಡಿಮೆ ಬೆಲೆಗೆ ಸಾಲಾಗಿ ಬಿಡುವುದು ಇದಕ್ಕೇ. ಅವರ ಹರಾಜು ಯಾವ ದಿನ ಮುಗಿಯುತ್ತದೆ ಅಂತ ಕೊಳ್ಳುವವರಿಗೆ ಬಾಯಿಪಾಠ. ಆ ಹೊತ್ತಿಗೆ ಎಲ್ಲರೂ ಬಂದು ಕೂರುತ್ತಾರೆ. ಅವರಿಗೆ 99 ಸೆಂಟ್ ಅಪಾಯವೇ ಅಲ್ಲ. ಅವರನ್ನು ನೋಡಿ, ಆ ಜನಸಂದಣಿ ಇಲ್ಲದೆಯೇ ಅದೇ ಮಾಡಲು ಹೋಗುವ ಚಿಕ್ಕ ಮಾರಾಟಗಾರರಿಗೆ ಅಪಾಯ.

ಬೆಲೆ ಇಳಿಯುವ ಭಯವೂ ಇದೆ, ಅದು ಬರೀ ಭ್ರಮೆಯಲ್ಲ. 2020-21ರಲ್ಲಿ ಕಾರ್ಡುಗಳ ಬೆಲೆ ಹುಚ್ಚು ಹಿಡಿದ ಹಾಗೆ ಏರಿತು. 2021ರ ಜನವರಿಯ ಕೊನೆಯಲ್ಲಿ ಫ್ಲೀರ್ ಕಂಪನಿ 1986ರಲ್ಲಿ ತಂದ, ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್‌ರ ರೂಕಿ (ಆಟಗಾರರ ಆರಂಭದ ವರ್ಷಗಳ) ಕಾರ್ಡು, ಪಿಎಸ್‌ಎ 10, 7,38,000 ಡಾಲರಿಗೆ ಹೋಯಿತು. 2022ರ ಹೊತ್ತಿಗೆ ಅದೇ ಕಾರ್ಡು ಅದೇ ಗ್ರೇಡಿನಲ್ಲಿ 2 ಲಕ್ಷದ ಆಸುಪಾಸಿಗೆ ಬಂದಿತ್ತು. ನಡುವೆ ಏನಾಯಿತು? ಎಲ್ಲರೂ ಡ್ರಾಯರಿನಲ್ಲಿದ್ದ ಕಾರ್ಡುಗಳನ್ನೆಲ್ಲ ಗ್ರೇಡಿಂಗ್‌ಗೆ ಕಳಿಸಿದರು. ರಾಶಿ ಎಷ್ಟಾಯಿತೆಂದರೆ 2021ರ ವಸಂತದಲ್ಲಿ ಪಿಎಸ್‌ಎ ತನ್ನ ಹೆಚ್ಚಿನ ಸೇವೆಗಳನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆಮೇಲೆ ಆ ರಾಶಿ ಸ್ಲ್ಯಾಬ್ ಆಗಿ ಹೊರಗೆ ಹರಿದು ಬಂತು. ಜೋರ್ಡನ್ ಕಾರ್ಡಿನ 10ಗಳು ಹಾಗೆಲ್ಲ ಹೆಚ್ಚಾಗುವುದಿಲ್ಲ, ಅದರ ಬೆಲೆ ಬಿದ್ದದ್ದು ಕೊಳ್ಳುವವರ ಉತ್ಸಾಹ ಇಳಿದದ್ದರಿಂದ. ಈಚಿನ ಕಾರ್ಡುಗಳಿಗೆ ಎರಡೂ ಪೆಟ್ಟು ಒಟ್ಟಿಗೆ ಬಿತ್ತು. ಉತ್ಸಾಹವೂ ಇಳಿಯಿತು, ಪಾಪ್ ರಿಪೋರ್ಟಿನಲ್ಲಿ 10ಗಳ ಸಂಖ್ಯೆಯೂ ಏರಿತು. ಹೊಸ ಸೆಟ್ಟಿನ ಕಾರ್ಡು ಇಟ್ಟುಕೊಂಡವರಿಗೆ ಆ ಸಂಖ್ಯೆ ಪ್ರತಿ ತಿಂಗಳು ಏರುವುದು ಕಾಣುತ್ತದೆ. ಅವರು ಇವತ್ತೇ ಮಾರಿ ಹೊರಗೆ ಬರುತ್ತಾರೆ. ಅವರದು ಅವಸರ ಅಂತ ನನಗೆ ಅನ್ನಿಸುವುದಿಲ್ಲ. ಲೆಕ್ಕ ಸರಿಯಾಗಿಯೇ ಇದೆ.

ಇನ್ನು ನಿಮ್ಮ ಪಿಎಸ್‌ಎ 8ರ ವಿಷಯಕ್ಕೆ ಬರೋಣ. ಗ್ರೇಡೆಡ್ ಕಾರ್ಡು ನಿಜವಾಗಿಯೇ ಅಗ್ಗಕ್ಕೆ ಮಾರಾಟವಾಗುವುದು ಇಂಥ ಕಡೆಯೇ. ಹೊಸಬರಿಗೆ ಇದು ಅರ್ಥವೇ ಆಗುವುದಿಲ್ಲ. ಉದಾಹರಣೆಗೆ ಒಂದು ಹೊಸ ಕಾರ್ಡು ರಾ ಆಗಿ 30 ಡಾಲರಿಗೆ ಹೋಗುತ್ತದೆ, ಗ್ರೇಡ್ 10 ಬಂದರೆ 150, 9 ಬಂದರೆ 45, 8 ಬಂದರೆ 25 ಅಂದುಕೊಳ್ಳಿ. ಗ್ರೇಡಿಂಗ್ ಖರ್ಚು 25. ನಿಮ್ಮ ಕಾರ್ಡಿಗೆ 8 ಬಂತು. ಕಾರ್ಡಿಗೂ ಗ್ರೇಡಿಂಗ್‌ಗೂ ಸೇರಿ 55 ಡಾಲರ್ ಹೋಗಿದೆ, ಕೈಯಲ್ಲಿರುವುದು 25. ಸ್ಲ್ಯಾಬ್ ಹಾಕಿದ ಮೇಲೆ ಕಾರ್ಡಿನ ಬೆಲೆ ರಾ ಕಾರ್ಡಿಗಿಂತ ಇಳಿದುಹೋಗಿದೆ! ಕಾರ್ಡು ಅದೇ, ಮೂಲೆ ಅದೇ, ಹಾಗಾದರೆ ಕಳೆದದ್ದೇನು? ಆಸೆ. ರಾ ಕಾರ್ಡು ಕೊಳ್ಳುವವರು 30 ಕೊಡುವುದರಲ್ಲಿ ಒಂದು ಪಾಲು "ಇದು 10 ಆಗಬಹುದೇನೋ" ಅನ್ನುವುದಕ್ಕೆ. 8 ಅಂತ ಲೇಬಲ್ ಬಿದ್ದ ಕ್ಷಣ ಆ ಪಾಲು ಹೋಯಿತು.

ಇಂಥ ಕಾರ್ಡು ಇರುವವರು ಹಾಕಿದ ದುಡ್ಡನ್ನು ಮನಸ್ಸಿನಿಂದ ತೆಗೆದುಹಾಕಿ, ಬಂದಷ್ಟು ಬರಲಿ ಅಂತ 99 ಸೆಂಟಿಗೆ ಬಿಟ್ಟುಬಿಡುತ್ತಾರೆ. ಹತ್ತು ಕಾರ್ಡು ಕಳಿಸಿ ನಾಲ್ಕಕ್ಕೆ 10 ಬಂದಿದ್ದರೆ ಆ ನಾಲ್ಕೇ ಉಳಿದ ಆರರ ಖರ್ಚನ್ನೂ ತೀರಿಸಿರುತ್ತವೆ. ಅವರ ಲೆಕ್ಕ ಇಡೀ ಕಂತೆಯದು. ನೀವು ಹೊರಗಿನಿಂದ ಒಂದೇ ಕಾರ್ಡು ನೋಡಿ "ಇವರಿಗೆ ನಷ್ಟ" ಅನ್ನುತ್ತೀರಿ. ಇದೆಲ್ಲ ಹೊಸ ಕಾರ್ಡುಗಳ ಮಾತು. ಐವತ್ತು ಅರವತ್ತು ವರ್ಷ ಹಳೆಯ ಕಾರ್ಡಿಗೆ 8 ಅಂದರೆ ಎತ್ತರದ ಗ್ರೇಡು, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಸಾಗಣೆ ಖರ್ಚಿನ ಹಳೇ ತಂತ್ರವನ್ನೂ ಹೇಳಬೇಕು, ಚಿಕ್ಕದಾಗಿ. ಆರಂಭದ ಬೆಲೆ ಒಂದು ಸೆಂಟ್, ಸಾಗಣೆಗೆ ಮಾತ್ರ ಸಿಕ್ಕಾಪಟ್ಟೆ. ತನ್‌ಜಿಮ್ ಹೊಸೈನ್ ಮತ್ತು ಜಾನ್ ಮಾರ್ಗನ್ 2006ರಲ್ಲಿ ಸಿಡಿ ಮತ್ತು ವಿಡಿಯೋ ಗೇಮ್ ಹರಾಜು ಹಾಕಿ ನೋಡಿದಾಗ ಹೀಗೆ ಮಾಡಿದರೆ ಒಟ್ಟು ದುಡ್ಡು ಜಾಸ್ತಿ ಬರುತ್ತದೆ ಅಂತ ಕಂಡಿತ್ತು, ಕೊಳ್ಳುವವರು ಸಾಗಣೆಯ ಸಾಲಿನ ಮೇಲೆ ಕಣ್ಣಿಡುವುದಿಲ್ಲ. ಈಗ ಇಬೇ ತನ್ನ ಕಮಿಷನ್ನನ್ನು ಸಾಗಣೆ ಸೇರಿದ ಒಟ್ಟು ಮೊತ್ತದ ಮೇಲೆ ಹಿಡಿಯುತ್ತದೆ. ಮೊದಲಿನ ಲಾಭ ಇಲ್ಲ. ಆದರೂ ಬಿಡ್ ಹಾಕುವ ಮುಂಚೆ ಆ ಸಾಲು ಓದಿ.

ಈಗ ಮೋಸದ ಮಾತು. ಹರಾಜಿನ ಕಡಿಮೆ ಆರಂಭ ತಾನಾಗಿ ಮೋಸದ ಗುರುತಲ್ಲ. ನಾನು ಅನುಮಾನ ಪಡುವುದು ಬೇರೆ ಕಡೆ. 200 ಡಾಲರ್ ಕಾರ್ಡನ್ನು ಯಾರಾದರೂ "ಈಗಲೇ ಕೊಳ್ಳಿ, 90 ಡಾಲರ್" ಅಂತ ನಿಗದಿತ ಬೆಲೆಗೆ ಇಟ್ಟಿದ್ದರೆ ನಿಲ್ಲಿ. ಹರಾಜಿನಲ್ಲಿ ಕಡಿಮೆ ಬೆಲೆ ಮೇಲೇರುತ್ತದೆ, ನಿಗದಿತ ಬೆಲೆ ಏರುವುದಿಲ್ಲ. ತನ್ನ ಕಾರ್ಡಿನ ಬೆಲೆ ಗೊತ್ತಿರುವವರು, ಲೇಬಲ್ ಮೇಲೇ ಎಲ್ಲಾ ಬರೆದಿರುವಾಗ, ಅರ್ಧಕ್ಕೆ ಯಾಕೆ ಕೊಡುತ್ತಾರೆ? ಹೊಸ ಖಾತೆ, ಹಿಂದಿನ ಮಾರಾಟವೇ ಇಲ್ಲ, ಫೋಟೋ ಬೇರೆಯವರದ್ದು ಅನ್ನುವಂಥ ಗುರುತುಗಳೂ ಜೊತೆಗಿದ್ದರೆ ದೂರ ಇರಿ.

ನಕಲಿ ಸ್ಲ್ಯಾಬ್‌ಗಳೂ ಇವೆ. ಸರ್ಟಿಫಿಕೇಟ್ ನಂಬರನ್ನು ಗ್ರೇಡಿಂಗ್ ಕಂಪನಿಯ ತಾಣದಲ್ಲಿ ಹಾಕಿ ನೋಡಿ, ಆದರೆ ಅಷ್ಟಕ್ಕೇ ಬಿಡಬೇಡಿ. ನಕಲು ಮಾಡುವವರು ನಿಜವಾದ ನಂಬರನ್ನೇ ಕದ್ದು ಹಾಕುತ್ತಾರೆ. ಈಚಿನ ಬಹಳಷ್ಟು ಕಾರ್ಡುಗಳಿಗೆ ಆ ತಾಣದಲ್ಲಿ ಫೋಟೋ ಇರುತ್ತದೆ. ಅದನ್ನೂ ಲಿಸ್ಟಿಂಗಿನ ಫೋಟೋವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಡ ಬಲ ಅಂಚಿನ ಅಗಲ ಹೊಂದುತ್ತದೆಯಾ? ಫಾಯಿಲ್ ಕಾರ್ಡಾದರೆ ಹೊಳಪಿನ ಚುಕ್ಕೆಗಳು ಅದೇ ಜಾಗದಲ್ಲಿವೆಯಾ? ಆಮೇಲೆ ಸ್ಲ್ಯಾಬಿನ ಅಂಚು ನೋಡಿ. ಎರಡು ಪ್ಲಾಸ್ಟಿಕ್ ಭಾಗಗಳನ್ನು ಬೆಸೆದ ಗೆರೆ ಸುತ್ತಲೂ ಒಂದೇ ಸಮ ಇರಬೇಕು. ಮೂಲೆಗಳಲ್ಲಿ ಮಂಜು ಕವಿದ ಹಾಗೆ ಬಿಳಿ ಕಲೆ, ಬಿರುಕು, ಅಂಟಿನ ಗುರುತು ಇದ್ದರೆ ಯಾರೋ ಬಿಚ್ಚಿ ಮುಚ್ಚಿದ್ದಾರೆ. ಅಮೆರಿಕದಲ್ಲಿ ಇಬೇ ದುಬಾರಿ ಕಾರ್ಡುಗಳನ್ನು ಕೊಳ್ಳುವವರ ಕೈ ಸೇರುವ ಮುಂಚೆ ಪರಿಶೀಲನೆಗೆ ಕಳಿಸುವ ವ್ಯವಸ್ಥೆಯನ್ನೂ ಮಾಡಿದೆ. ಲಿಸ್ಟಿಂಗಿನಲ್ಲಿ ಅದರ ಗುರುತು ಇದೆಯಾ ನೋಡಿ.

ಇನ್ನೊಂದು ಮೋಸ ಕಡಿಮೆ ಆರಂಭದ ಹಿಂದೆಯೇ ಅಡಗಿರಬಹುದು. 99 ಸೆಂಟಿಗೆ ಇಟ್ಟು, ಗೆಳೆಯರಿಂದಲೋ ಇನ್ನೊಂದು ಖಾತೆಯಿಂದಲೋ ತಾವೇ ಬಿಡ್ ಏರಿಸುವುದು. ಇದಕ್ಕೆ ಶಿಲ್ ಬಿಡ್ಡಿಂಗ್ ಅನ್ನುತ್ತಾರೆ. ಇಬೇ ಇದನ್ನು ನಿಷೇಧಿಸಿದೆ, ಹಲವು ದೇಶಗಳಲ್ಲಿ ಕಾನೂನಿಗೂ ವಿರುದ್ಧ. ಒಳಗೊಳಗೇ ರಿಸರ್ವ್ ಇಟ್ಟು ಹೊರಗೆ ಬಾಗಿಲು ತೆರೆದಂತೆ ನಟಿಸುವುದು ಇದು. ಕಾರ್ಡಿನ ಮೇಲಿನ ಪ್ರೀತಿಯಿಂದ ಬಂದವರ ಜೇಬಿಗೆ ಕೈ ಹಾಕುವ ಈ ಕೆಲಸದ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ. ಬಿಡ್ ಹಿಸ್ಟರಿ ತೆರೆದು ನೋಡಿ. ಒಂದೇ ಖಾತೆ ಇದೇ ಮಾರಾಟಗಾರರ ಕಾರ್ಡುಗಳ ಮೇಲೇ ಮತ್ತೆ ಮತ್ತೆ ಬಿಡ್ ಹಾಕಿದೆಯಾ, ಏರಿಸಿ ಏರಿಸಿ ಕೊನೆಗೆ ಯಾವಾಗಲೂ ಸೋಲುತ್ತದೆಯಾ, ಬಿಡ್ ವಾಪಸ್ ತೆಗೆದುಕೊಂಡ ಇತಿಹಾಸ ಇದೆಯಾ? ಹಾಗಿದ್ದರೆ ಬಿಟ್ಟುಬಿಡಿ. ಅದೇ ಕಾರ್ಡು ಇನ್ನೊಂದು ವಾರ ಇನ್ನೊಬ್ಬರ ಹತ್ತಿರ ಬರುತ್ತದೆ.

ನಿಮ್ಮ ಆರು ಕಾರ್ಡುಗಳಿಗೆ ಬರೋಣ. ಮೊದಲು ಒಂದೊಂದರದ್ದೂ ಹೋದ ಮೂರು ತಿಂಗಳ ಮಾರಾಟ ತೆಗೆದು ನೋಡಿ. ಮಾರುವವರು ಕೇಳುತ್ತಿರುವ ಬೆಲೆ ಬೇಡ, ಮಾರಾಟವಾದ ಬೆಲೆ. ಈಚಿನ ಸೆಟ್‌ಗಳ ಆ ನಾಲ್ಕು ಪಿಎಸ್‌ಎ 10ಗಳು ವಾರಕ್ಕೆ ಎರಡು ಮೂರು ಮಾರಾಟವಾಗುತ್ತಿದ್ದು, ಬೆಲೆಗಳು ಒಂದರ ಹತ್ತಿರ ಒಂದಿದ್ದರೆ 99 ಸೆಂಟಿಗೆ ಧೈರ್ಯವಾಗಿ ಇಡಿ. ಏಳು ದಿನದ ಹರಾಜು ಮಾಡಿ. ಕೊಳ್ಳುವವರು ಎಚ್ಚರವಿದ್ದು ಬಿಡುವಾಗಿರುವ ಸಂಜೆ ಹೊತ್ತಿಗೆ ಮುಗಿಯುವ ಹಾಗೆ ನೋಡಿಕೊಳ್ಳಿ. ಅದೇ ಕಾರ್ಡಿನ ಬೇರೆ ಐದಾರು ಹರಾಜು ಅದೇ ಸಂಜೆ ಮುಗಿಯುತ್ತಿದ್ದರೆ ನಿಮ್ಮದನ್ನು ಒಂದು ವಾರ ತಡ ಮಾಡಿ, ಇಲ್ಲದಿದ್ದರೆ ಜನ ಹಂಚಿಹೋಗುತ್ತಾರೆ. ಶೀರ್ಷಿಕೆಯಲ್ಲಿ ವರ್ಷ, ಸೆಟ್, ಕಾರ್ಡಿನ ನಂಬರ್, ಗ್ರೇಡ್ ಎಲ್ಲವನ್ನೂ ಅಕ್ಷರ ತಪ್ಪಿಲ್ಲದೆ ಬರೆಯಿರಿ. ಸ್ಲ್ಯಾಬಿನ ಮುಂದೆ ಹಿಂದೆ ಎರಡೂ ಫೋಟೋ, ಪ್ಲಾಸ್ಟಿಕ್ ಮೇಲೆ ಬೆಳಕು ಹೊಡೆಯದ ಹಾಗೆ. ಕಮಿಷನ್ ಸುಮಾರು ನೂರಕ್ಕೆ ಹದಿಮೂರರ ಆಸುಪಾಸು ಹೋಗುತ್ತದೆ ಅಂತ ಮೊದಲೇ ಕಳೆದು ಲೆಕ್ಕ ಹಾಕಿ.

ಪಿಎಸ್‌ಎ 8ನ್ನು ಹೇಗೆ ಇಟ್ಟರೂ ಹೆಚ್ಚು ವ್ಯತ್ಯಾಸ ಆಗಲಾರದು. ಆ ಕಾರ್ಡಿನ ಮೇಲೆ ನಿಮಗೆ ಪ್ರೀತಿ ಇದ್ದರೆ ಮಾರಲೇಬೇಡಿ. 25 ಡಾಲರಿಗೆ ಚೆಂದದ ಕಾರ್ಡೊಂದು ಗಟ್ಟಿ ಪೆಟ್ಟಿಗೆಯಲ್ಲಿ ನಿಮ್ಮ ಹತ್ತಿರ ಉಳಿಯುತ್ತದೆ.

ಪ್ರೋಮೋ ಮಾತ್ರ ಬೇರೆ ಜಾತಿ. ಲೋಕದಲ್ಲಿ ಗ್ರೇಡ್ ಆದವು ಹನ್ನೊಂದೇ ಅಂದರೆ ಹೋಲಿಸಿ ನೋಡಲು ಕಂಪ್ಸ್ ಇರುವುದಿಲ್ಲ. ಅದನ್ನು ಬಯಸುವವರು ಲೋಕದಲ್ಲಿ ಇಪ್ಪತ್ತು ಜನ ಇದ್ದರೆ, ನಿಮ್ಮ ಹರಾಜಿನ ಆ ಏಳು ದಿನದಲ್ಲಿ ಪುಟ ತೆರೆಯುವವರು ಇಬ್ಬರೋ ಮೂವರೋ. 2022ರ ಆಗಸ್ಟ್‌ನಲ್ಲಿ ಟಾಪ್ಸ್ ಕಂಪನಿಯ 1952ರ, ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡೊಂದು, ಎಸ್‌ಜಿಸಿ 9.5, 1.26 ಕೋಟಿ ಡಾಲರಿಗೆ ಮಾರಾಟವಾಯಿತು. ಅಂಥ ಕಾರ್ಡು ಹರಾಜು ಮನೆಗೆ ಹೋಗುತ್ತದೆ, ವಾರಗಟ್ಟಲೆ ಪ್ರಚಾರ ನಡೆಯುತ್ತದೆ, ಬಯಸುವವರನ್ನು ಹುಡುಕಿ ಕರೆತರುತ್ತಾರೆ. ನಿಮ್ಮ ಪ್ರೋಮೋ ಅಷ್ಟು ದೊಡ್ಡದಲ್ಲ, ಆದರೆ ಅದಕ್ಕೂ ಬೇಕಾದ್ದು ಅದೇ, ಸಮಯ. ನಿಗದಿತ ಬೆಲೆಗೆ ಇಡಿ, ಆಫರ್ ಕೊಡಲು ಅವಕಾಶ ಇಡಿ, ನಾಲ್ಕು ತಿಂಗಳಾದರೂ ಸುಮ್ಮನೆ ಬಿಡಿ. ಆ ಸೆಟ್ಟನ್ನೇ ಕೂಡಿಡುವವರು ಹುಡುಕಿಕೊಂಡು ಬರುತ್ತಾರೆ, ಅವರ ಆಫರ್‌ಗಳಿಂದಲೇ ನಿಮಗೆ ಬೆಲೆಯ ಅಂದಾಜು ಸಿಗುತ್ತದೆ. ಹರಾಜೇ ಬೇಕು ಅನ್ನಿಸಿದರೆ, ಇದಕ್ಕಿಂತ ಕಡಿಮೆಗೆ ಕೊಟ್ಟರೆ ನಿದ್ದೆ ಬರುವುದಿಲ್ಲ ಅನ್ನುವ ಅಂಕಿ ಯಾವುದೋ ಅಲ್ಲಿಂದಲೇ ಶುರು ಮಾಡಿ. ಯಾರೂ ಬಿಡ್ ಹಾಕದಿದ್ದರೆ ಕಾರ್ಡು ನಿಮ್ಮ ಹತ್ತಿರವೇ ಇರುತ್ತದೆ, ಮುಂದಿನ ತಿಂಗಳು ಮತ್ತೆ ಇಡಬಹುದು.